ಎಲೆ ಕಿತ್ತ ಕೈ

ಎಮ್ಮೆಯ ಗಂಜಲದ ನಾತದೊಳಗೆ ಬೆರೆತ ಬಿಸಿ ಚಹಾದ ವಾಸನೆ. ಬೀದರಿನ ಚಿದ್ರಿಯಲ್ಲಿ ಶಾಲಾ ಶಿಕ್ಷಕಿಯಾಗಿ ನೆಲೆಸಿ ನಲವತ್ತು ವರ್ಷವಾದರೂ ದಾನಮ್ಮನ ಮೂಗಿನಿಂದ ಅದು ಹೋಗಿರಲಿಲ್ಲ. ಹುಡುಗಿಯಾಗಿದ್ದಾಗ ತಿಂಗಳಿಗೆ ನಾಲ್ಕು ದಿನ, ಮುಟ್ಟಾದಾಗ, ಖಟಕ ಚಿಂಚೋಳಿಯ ತವರಿನ ಕೊಟ್ಟಿಗೆಯಲ್ಲಿ ಕೂತು ಕುಡಿದ ಚಹಾ ಅದು.

ಈ ಸಲ ತವರಿಗೆ ಬಂದಾಗ ಅಂಗಳದಲ್ಲೇ ಅದೇ ವಾಸನೆ ಎದುರಾಯಿತು. ಕೊಟ್ಟಿಗೆಯಲ್ಲಿ, ಸಗಣಿಯ ಪಕ್ಕದ ಗೋಣಿಚೀಲದ ಮೇಲೆ ಅಣ್ಣನ ಮೊಮ್ಮಗಳು ಮನಿಷಾ ಕೂತಿದ್ದಳು. ಮಡಿಲಲ್ಲಿ ಗಣಿತದ ಪುಸ್ತಕ, ಮೈ ಕೆಂಡ. ಮರುದಿನ ಹತ್ತನೆಯ ತರಗತಿಯ ಪರೀಕ್ಷೆ. ಅತ್ತಿಗೆ ಗುಂಡಮ್ಮ ದೂರ ನಿಂತು, ಮೊಳದೆತ್ತರದಿಂದ ಹಿಡಿಕೆ ಮುರಿದ ಕಪ್ಪಿಗೆ ಚಹಾ ಸುರಿದಳು. ಅಂಚಿನ ನೊಣಗಳು ಎದ್ದು ಮತ್ತೆ ಕೂತವು. ಸಿಡಿದ ಚಹಾಕ್ಕೆ ಹುಡುಗಿಯ ಕೈ ಕೆಂಪಾಯಿತು. ದಾನಮ್ಮ ಅತ್ತಿಗೆಯತ್ತ ತಿರುಗಿದಳು.

"ವೈನಿ, ಪೋರಿಗಿ ಜ್ವರ ಬಂದಾವ. ಒಳಗ ಕರೀರಿ. ನಾಳಿ ಪರೀಕ್ಷಾ ಅದ."

"ಪರೀಕ್ಷಾ ಅಂತ ದೇವರ ಜಗಲಿ ಮೈಲಿಗಿ ಮಾಡ್ಲೇನು? ಇನ್ನಾ ಮೂರ ದಿನ ಅಲ್ಲೇ. ನೀ ಕೂತಿದ್ದಿಲ್ಲೇನು? ಸತ್ತೇನು? ಬಾ, ಚಹಾ ಆರ್ತದ."

ಒಳಗೆ ಮನಿಷಾಳ ತಾಯಿ ಸುಜಾತಾ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ದಾನಮ್ಮ ಕೆಮ್ಮುತ್ತಿದ್ದುದನ್ನು ಕಂಡು, ಕೇಳದೆಯೇ ಚಹಾಕ್ಕೆ ಶುಂಠಿ ಜಜ್ಜಿ ಹಾಕಿದ್ದಳು. ಗೋಡೆಯ ಮೇಲೆ, ಸೂತಕವೇ ಇಲ್ಲವೆಂದ ಬಸವಣ್ಣನ ಪಟಕ್ಕೆ ಹೊಸ ಹೂ ಏರಿತ್ತು.

ದಾನಮ್ಮ ಕಪ್ಪು ಮುಟ್ಟಲಿಲ್ಲ.

"ಸಾಲಿ ಮಕ್ಕಳನ್ನ ನೀಲಗಿರಿಗಿ ಕರ್ಕೊಂಡು ಹೋಗಿದ್ನಲ್ರಿ, ಅಲ್ಲಿ ಚಹಾದ ಎಲಿ ಕೀಳೋರೆಲ್ಲ ಹೆಣ್ಮಕ್ಕಳೇ. ಆ ನಾಕ ದಿನ ಏನ ಮಾಡ್ತೀರಿ ಅಂತ ಒಬ್ಬಾಕಿಗಿ ಕೇಳ್ದೆ. ನಕ್ಕಳು. ಚಿಗುರು ನಮ್ಮ ಸಲುವಾಗಿ ಕಾಯ್ತದೇನು ಅಂದಳು. ಆ ಕೈ ಕಿತ್ತ ಎಲಿನೇ ಕಾರ್ಖಾನ್ಯಾಗ ಬಾಡಿ, ನುಗ್ಗಾಗಿ, ಒಣಗಿ, ಲಾರಿ ಹತ್ತಿ ಭಾಲ್ಕಿ ಅಂಗಡಿಗಿ ಬರ್ತದ. ಜಗಲಿ ಮುಂದ ಕೂತು ದಿನಾ ಎರಡ ಕಪ್ಪ ಕುಡೀತೀರಿ. ಆವಾಗ ಮೈಲಿಗಿ ಎಲ್ಲಿ ಹೋಗ್ತದ್ರಿ?"

"ಕುದಿಸಿದ ಮ್ಯಾಲ ಮೈಲಿಗಿ ಎಲ್ಲೀದು!"

"ಹಂಗಾದ್ರ ಈ ಪೋರಿ ನಿನ್ನಿಯಿಂದ ಕುದ್ಯಾಕತ್ತಾಳ. ಸಾಲಲಿಲ್ಲೇನ್ರಿ?"

"ಕಾಲೇಜ ಕಲ್ತಾಕಿ ನೀ, ಮಾತಿಗೇನ ಬರ! ನಮ್ಮತ್ತಿ ಮಾಡಿದ್ಲು, ನಾ ಮಾಡ್ತೇನಿ." ಗುಂಡಮ್ಮ ಸೊಸೆಯತ್ತ ಕೈ ಚಾಚಿದಳು. "ಆಕಿ ರೊಟ್ಟಿ ಕೊಡು. ಒಗದು ಬರ್ತೇನಿ."

ಸುಜಾತಾ ಕೊಡಲಿಲ್ಲ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಕೊಟ್ಟಿಗೆಗೆ ಹೋದಳು. ಮಗಳ ತೋಳು ಹಿಡಿದೆಬ್ಬಿಸಿ, ಅತ್ತೆಯ ಎದುರಿಗೇ ಹೊಸ್ತಿಲು ದಾಟಿಸಿದಳು.

"ಅಯ್ಯ, ಮುಟ್ಟಿದೇನ!"

ಸುಜಾತಾ ಮಗಳನ್ನು ಒಲೆಯ ಮಗ್ಗುಲಲ್ಲಿ ಕೂರಿಸಿ, ಬಿಸಿ ರೊಟ್ಟಿ, ಬೇಳೆಯ ತಾಟನ್ನು ಅವಳ ಕೈಗೇ ಕೊಟ್ಟಳು.