ಹದಿನೇಳನೇ ಲೆವೆಲ್ಲಿನ ಬೆಂಚು

ಹೋಟೆಲಿನ ಮ್ಯಾನೇಜರಿಗೆ ಭಾನುವಾರ ರಜೆ ಸಿಗುವುದೆಂದರೆ ಹುಡುಗಾಟವಲ್ಲ. ಪೂಜಿತಾಳ ಅಪ್ಪ ಕಿಟ್ಟಣ್ಣ ಮುಂಬಯಿ ಹೊರಗಿನ ಡೊಂಬಿವಲಿ ಪೂರ್ವದ ಒಂದೇ ಹೋಟೆಲಿನಲ್ಲಿ ಇಪ್ಪತ್ತೊಂದು ವರ್ಷ ಕಳೆದವರು. ಭಾನುವಾರ ಜನ ಬಾಗಿಲಾಚೆ ಸಾಲು ನಿಂತಿರುವಾಗ ಅವರು ಕೌಂಟರ್ ಬಿಟ್ಟು ಕದಲಿದ್ದನ್ನು ಯಾರೂ ಕಂಡಿರಲಿಲ್ಲ. ಮಗಳಿಗೆ ಶಾಲೆಯಲ್ಲಿ ಬಹುಮಾನ ಕೊಟ್ಟ ದಿನವೂ ಕದಲಿರಲಿಲ್ಲ. ಅಂಥವರು 2014ರ ಆ ಭಾನುವಾರ ಸಂಜೆ ನಾಲ್ಕಕ್ಕೆ ಮನೆಗೆ ಬರುತ್ತೇನೆಂದು ಮಾಲಕರ ಹತ್ತಿರ ಎರಡು ತಾಸು ಕೇಳಿಕೊಂಡಿದ್ದರು. ಮಗಳ ಹೆಸರು ಪರದೇಶದ ಕಂಪೆನಿಯೊಂದರ ವಿಡಿಯೋ ಗೇಮಿನಲ್ಲಿ ಬರಲಿತ್ತು. ಅದನ್ನು ಕಣ್ಣಾರೆ ನೋಡಬೇಕಿತ್ತು. ಅಮ್ಮ ಸುಂದರಿಯಂತೂ ನೋಡುವ ಮೊದಲೇ ಟಿಟ್ವಾಳಾದ ಗಣಪತಿಗೆ ಹಣ್ಣುಕಾಯಿ ಮಾಡಿಸಲು ಹೋಗಿದ್ದರು.

ಆಟದ ಹೆಸರು ಟಿಲ್ಟ್‌ಹೌಸ್. ಒಂದು ಮನೆ, ಅದರ ಕೋಣೆಗಳೆಲ್ಲ ವಾಲುತ್ತವೆ, ತಿರುಗುತ್ತವೆ. ಪುಟ್ಟ ಹುಡುಗಿಯೊಬ್ಬಳು ಕಳೆದುಹೋದ ಅಣ್ಣನನ್ನು ಹುಡುಕುತ್ತ ಒಂದೊಂದೇ ಕೋಣೆಯ ಒಗಟು ಬಿಡಿಸಿ ದಾಟಬೇಕು. ಒಂದು ಕೋಣೆ ಎಂದರೆ ಒಂದು ಲೆವೆಲ್. ಇಷ್ಟೇ ಆಟ, ಇಷ್ಟಕ್ಕೇ ಪೂಜಿತಾ ನಾಲ್ಕು ವರ್ಷದಿಂದ ಮರುಳಾಗಿದ್ದಳು. ದಾದರಿನ ಇನ್ಶೂರೆನ್ಸ್ ಆಫೀಸಿನಲ್ಲಿ ಇಡೀ ದಿನ ಕ್ಲೇಮ್ ಫಾರಂ ನೋಡಿ ಸುಸ್ತಾಗಿ ಬಂದವಳು ಊಟ ಮರೆತು ಆ ಮನೆಯೊಳಗೆ ಹೊಕ್ಕುಬಿಡುತ್ತಿದ್ದಳು. ಎರಡನೇ ಭಾಗಕ್ಕೆ ಅಭಿಮಾನಿಗಳೇ ಒಂದು ಲೆವೆಲ್ ಮಾಡಿ ಕಳಿಸಬಹುದು, ಆಯ್ಕೆಯಾದವರ ಹೆಸರು ಆಟದ ಕೊನೆಗೆ ಬರುತ್ತದೆ ಎಂದು ಕಂಪೆನಿ ಹೇಳಿದ್ದೇ ತಡ, ಅವಳು ಪೆನ್ಸಿಲ್ ಹಿಡಿದು ಕೂತಳು.

ಬರೆದದ್ದು ಹಳೆಯ ಮೆನು ಕಾರ್ಡುಗಳ ಹಿಂಬದಿಯಲ್ಲಿ. ಹೋಟೆಲಿನಲ್ಲಿ ಹೊಸ ಮೆನು ಬಂದಾಗಲೆಲ್ಲ ಹಳೆಯವು ಮನೆಗೆ ಬರುತ್ತಿದ್ದವು. ಮುಂದೆ ಇಡ್ಲಿ, ವಡೆ, ಉತ್ತಪ್ಪ. ಹಿಂದೆ ಅವಳ ಕೋಣೆ. ಒಟ್ಟು ಹನ್ನೆರಡು ಕಾರ್ಡು.

ಡೊಂಬಿವಲಿಯವರದ್ದೊಂದು ಪದ್ಧತಿ ಉಂಟು, ಹೊರಗಿನವರಿಗೆ ತಲೆಕೆಟ್ಟವರ ಕೆಲಸದಂತೆ ಕಾಣುತ್ತದೆ. ದಾದರಿಗೆ ಹೋಗಬೇಕಾದವರು ಬೆಳಿಗ್ಗೆ ದಾದರಿನ ಲೋಕಲ್ ಗಾಡಿ ಹತ್ತುವುದಿಲ್ಲ, ಆ ನೂಕುನುಗ್ಗಲಿನಲ್ಲಿ ಹತ್ತಲು ಆಗುವುದೂ ಇಲ್ಲ. ಎದುರು ದಿಕ್ಕಿಗೆ, ಕಲ್ಯಾಣಕ್ಕೆ ಹೋಗುವ ಗಾಡಿ ಹತ್ತಿ ಸೀಟು ಹಿಡಿಯುತ್ತಾರೆ. ಕಲ್ಯಾಣ ಬಂದರೂ ಇಳಿಯದೆ ಗಟ್ಟಿಯಾಗಿ ಕೂತಿರುತ್ತಾರೆ. ಅದೇ ಗಾಡಿ ತಿರುಗಿ ಮುಂಬಯಿಗೆ ಹೊರಡುತ್ತದೆ. ಇದಕ್ಕೆಂದೇ ಪಾಸು ಕಲ್ಯಾಣದಿಂದ ಮಾಡಿಸುತ್ತಾರೆ. ಇನ್ನು ಗಾಡಿಯೊಳಗಿನ ಬೆಂಚು ಮೂವರದ್ದು. ಆದರೆ ಬದಿಗೆ ಬಂದು ನಿಂತವಳ ಮುಖ ನೋಡಿ ಮೂವರೂ ಒಂದಿಷ್ಟು ಸರಿದು ಅರ್ಧ ಜಾಗ ಬಿಡುತ್ತಾರೆ. ಅದು ಫೋರ್ತ್ ಸೀಟು. ಪೂಜಿತಾ ಇದನ್ನೇ ಒಗಟು ಮಾಡಿದ್ದಳು. ಬಲಗಡೆಯ ಬಾಗಿಲು ತಲುಪಲು ಹುಡುಗಿ ಎಡಕ್ಕೆ ಹೋಗುವ ಬಂಡಿ ಹತ್ತಬೇಕು, ಎಲ್ಲರೂ ಇಳಿದರೂ ಇಳಿಯಬಾರದು. ಕೊನೆಗೆ ಒಂದು ಬೆಂಚು, ಅದರ ತುಂಬ ಮೂವರು. ದೂಡಿದರೆ ಆಗುವುದಿಲ್ಲ, ಹಾರಿದರೆ ಆಗುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತರೆ ಅವರೇ ಸರಿಯುತ್ತಾರೆ, ಹುಡುಗಿ ಅರ್ಧ ಜಾಗದಲ್ಲಿ ಕೂರುತ್ತಾಳೆ, ಬಾಗಿಲು ತೆರೆಯುತ್ತದೆ. ಇಡೀ ಆಟದಲ್ಲಿ ಏನೂ ಮಾಡದೆ ಗೆಲ್ಲುವ ಒಂದೇ ಜಾಗ ಅದು. ಹನ್ನೆರಡನೇ ಕಾರ್ಡಿನಲ್ಲಿ ಅವಳು ಇದನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟಿದ್ದಳು.

ಕಳಿಸಲು ಮಾತ್ರ ಕಂಪ್ಯೂಟರಿನಲ್ಲಿ ಬಿಡಿಸಬೇಕಿತ್ತು. ಅವಳ ಮನೆಯದ್ದು ಕೆಮ್ಮುತ್ತ ನಡೆಯುವ ಮುದಿ ಕಂಪ್ಯೂಟರ್. ಆಗ ಕೀರ್ತನ್ ಮುಂದೆ ಬಂದ. ಮುಂಬಯಿಯ ಇನ್ನೊಂದು ದಿಕ್ಕಿನ ಸಾನಪಾಡಾದವನು, ಅಭಿಮಾನಿಗಳ ಇಂಟರ್ನೆಟ್ ಪುಟದಲ್ಲಿ ಗುರುತಾದವನು. ಮಾತಾಡುತ್ತ ನೋಡಿದರೆ ಉಡುಪಿ ಕಡೆಯವನೇ, ತುಳುವಿನವನೇ. ಮನೆಗೆ ಬಂದ, ನೀರುದೋಸೆ ತಿಂದ, ಅಪ್ಪನಿಗೆ ಹಿಡಿಸಿದ. "ನಾನು ಬಿಡಿಸಿ ಕಳಿಸ್ತೇನೆ, ನೀನು ತಲೆಬಿಸಿ ಮಾಡ್ಬೇಡ," ಎಂದು ಹನ್ನೆರಡೂ ಕಾರ್ಡು ಬ್ಯಾಗಿಗೆ ಹಾಕಿಕೊಂಡು ಬೈಕ್ ಹತ್ತಿದ. ನಾಲ್ಕು ತಿಂಗಳ ಮೇಲೆ ಫೋನು ಮಾಡಿ, "ನಮ್ಮ ಲೆವೆಲ್ ಆಯ್ಕೆ ಆಗಿದೆ, ಆದರೆ ಆಟ ಬರುವವರೆಗೆ ಯಾರಿಗೂ ಹೇಳುವ ಹಾಗಿಲ್ಲ, ಕಂಪೆನಿಯ ರೂಲು," ಎಂದ. 'ನಮ್ಮ' ಎಂದದ್ದು ಅವಳಿಗೆ ಎಷ್ಟು ಇಷ್ಟವಾಯಿತೆಂದರೆ ಆ ರಾತ್ರಿ ನಿದ್ದೆಯೇ ಬರಲಿಲ್ಲ. ಮನೆಯಲ್ಲಿ ಮಾತ್ರ ಹೇಳಿದಳು. ಅಪ್ಪ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಮರುದಿನ ಇಡೀ ಹೋಟೆಲಿಗೆ ಹೇಳಿದರು.

ಹೊಸ ಆಟ ಪೂಜಿತಾಳ ಕಂಪ್ಯೂಟರಿನಲ್ಲಿ ನಡೆಯುವಂತಿರಲಿಲ್ಲ, ಹಾಗಾಗಿ ಆ ಭಾನುವಾರ ಎರಡು ಗಂಟೆಗೇ ಕೀರ್ತನ್ ಲ್ಯಾಪ್‌ಟಾಪ್ ಸಮೇತ ಬಂದಿದ್ದ. ಜೊತೆಗೆ ಕಲ್ಯಾಣದ ವಿಕಾಸ್, ಈ ಆಟದ ಮೂರನೇ ಹುಚ್ಚ. ಅವನ ಮನೆಯವರು ಧಾರವಾಡದ ಕಡೆಯವರು, ಅವನು ಹುಟ್ಟಿದ್ದು ಕಲ್ಯಾಣದಲ್ಲಿ. ಎರಡನೇ ಭಾಗ ಬಿಡುಗಡೆಯಾಗಿ ಎರಡೇ ದಿನಕ್ಕೆ ಮುಗಿಸಿ, ಕೊನೆಯ ಹೆಸರುಗಳನ್ನೂ ನೋಡದೆ, ಅದರ ಕಥೆಗೆ ಹೊಟ್ಟೆ ಉರಿಸಿಕೊಂಡು ಬಂದಿದ್ದ.

"ಮೊದಲನೇ ಪಾರ್ಟ್‌ನ್ಯಾಗ ಆ ಹುಡುಗಿ ಕೂಡ ನಾವೂ ಅಣ್ಣಾ ಅಣ್ಣಾ ಅಂತ ಅಡ್ಡಾಡಿದ್ವಿ," ಎಂದ ವಿಕಾಸ್. "ಈಗ ನೋಡಿದ್ರ ಬಾಗಲಾ ಎಲ್ಲಾ ಹಾಕ್ಕೋಂತ ಹೋದಾಂವ ಆ ಅಣ್ಣನ. ಸೀದಾ ಧೋಖಾ ಹೈ ಯಾರ್. ಹಿಂಗ ಕಥಿ ತಿರುಗಸ್ತಾರೇನು?"

"ಸುಳಿವು ಮೊದಲೇ ಇತ್ತು," ಎಂದಳು ಪೂಜಿತಾ. "ಎಲ್ಲಾ ಚಿಲಕವೂ ಹೊರಗಿನಿಂದ ಹಾಕಿದ್ದು. ಅಣ್ಣ ಅಲ್ವಾ ಅಂತ ನಾವು ಆ ಕಡೆ ನೋಡ್ಲಿಲ್ಲ, ಅಷ್ಟೆ."

"ಲೆವೆಲ್ ಏನೋ ಚಲೋ ಅದಾವ. ಅದರಾಗೂ ಹದಿನೇಳು." ವಿಕಾಸ್ ಎದ್ದು ಕೂತ. "ಅದನ್ನ ಮಾಡಿದಾಂವ ನಮ್ಮ ಸೆಂಟ್ರಲ್ ಲೈನಿನಾಂವನ ಇರಬೇಕು. ಹಿಂದಕ ಹೋಗಿ ಮುಂದ ಬರೂದು ಬ್ಯಾರೆ ಯಾರಿಗೆ ಹೊಳೀತೈತಿ?"

ಪೂಜಿತಾಳ ಎದೆ ಹಿಗ್ಗಿತು. ನಾನೇ ಎಂದು ಹೇಳಲು ಬಾಯಿ ತುದಿಗೆ ಬಂತು. ಅಪ್ಪ ಬರಲಿ, ಹೆಸರು ಬಂದಾಗ ವಿಕಾಸನೇ ನೋಡಲಿ ಎಂದು ತಡೆದುಕೊಂಡಳು.

"ಆದ್ರ ಕಡೀಗೆ ಪೂರಾ ಕೆಡಿಸ್ಯಾನ," ಎಂದ ವಿಕಾಸ್. "ನಾಕ ಮಂದಿ ಬೆಂಚು. ಮೂರು ಮಂದಿ ಕುಂತಾರ, ಒಂದು ಜಾಗಾ ಖಾಲಿ. ಹೋಗಿ ಕುಂಡ್ರೂದು, ಬಾಗಲಾ ತಗೀತೈತಿ. ಇದೇನು ಒಗಟ? ಮುಂದಿನ ಅರ್ಧ ಒಬ್ಬಾಂವ ಮಾಡಿ, ಹಿಂದಿನ ಅರ್ಧ ಮತ್ತೊಬ್ಬಾಂವ ಮಾಡಿದಂಗ ಐತಿ."

ಪೂಜಿತಾ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡು ಹದಿನೇಳನ್ನು ಆಡಿ ನೋಡಿದಳು. ಎಡಕ್ಕೆ ಹೋಗುವ ಬಂಡಿ ಇತ್ತು, ಇಳಿಯುವ ಜನ ಇದ್ದರು, ಎಲ್ಲವೂ ಅವಳು ಬರೆದ ಹಾಗೆಯೇ. ಬೆಂಚು ಮಾತ್ರ ನಾಲ್ಕು ಜನರದ್ದು. ಹುಡುಗಿ ಹೋಗಿ ಆರಾಮವಾಗಿ ಕೂತಳು.

"ಇದು ಮೂವರ ಬೆಂಚಲ್ವಾ ಇರ್ಬೇಕಾದ್ದು?" ಎಂದು ಕೀರ್ತನನನ್ನು ಕೇಳಿದಳು.

"ಮೂವರದ್ದೇ ಆದ್ರೆ ಅವಳು ಕೂರುದು ಎಲ್ಲಿ?" ಎಂದ ಕೀರ್ತನ್. "ಆಟ ಅಲ್ಲೇ ನಿಲ್ತದೆ. ಅದು ಮಿಸ್ಟೇಕ್. ಸರಿ ಮಾಡಿದ್ದು."

"ಯಾರು ಸರಿ ಮಾಡಿದ್ದು?"

ಅವನು ಮೊಬೈಲ್ ತೆಗೆದು ನೋಡತೊಡಗಿದ. ಪೂಜಿತಾಳಿಗೆ ಆಗ ಹೊಳೆಯಿತು. ಕೀರ್ತನ್ ತುಳು ಮಾತಾಡುತ್ತಾನೆ, ಕನ್ನಡ ಮಾತಾಡುತ್ತಾನೆ, ಆದರೆ ಕನ್ನಡ ಅಕ್ಷರ ಅವನಿಗೆ ಬರುವುದಿಲ್ಲ. ಸಾನಪಾಡಾದಲ್ಲಿ ಹುಟ್ಟಿ, ಇಂಗ್ಲಿಷ್ ಶಾಲೆಗೆ ಹೋಗಿ, ಬೈಕಿನಲ್ಲೇ ತಿರುಗಿ ದೊಡ್ಡವನಾದವನು, ಫೋರ್ತ್ ಸೀಟು ಕಂಡವನಲ್ಲ. ಹನ್ನೆರಡನೇ ಕಾರ್ಡು ಅವನಿಗೆ ಬರೀ ಗೀಚು. ಸರಿ, ಓದಲು ಬರದಿದ್ದರೆ ಒಂದು ಫೋನು ಮಾಡಿ ಇದೇನೆಂದು ಕೇಳಬಹುದಿತ್ತು. ಇನ್ನೊಬ್ಬರದ್ದೆಂದು ನೆನಪಿದ್ದವನು ಕೇಳುತ್ತಾನೆ. ಇವನು ಕೇಳಿರಲಿಲ್ಲ. ಇಲ್ಲ, ಹಾಗಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ನಾಲ್ಕಕ್ಕೆ ಸರಿಯಾಗಿ ಅಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಗೋಳಿಬಜೆಯ ಪೊಟ್ಟಣ. ಎಲ್ಲರಿಗೂ ತಾವೇ ಚಾ ಸೋಸಿ ಕೊಟ್ಟು, ಕನ್ನಡಕ ಒರೆಸಿ ಹಾಕಿಕೊಂಡು ಲ್ಯಾಪ್‌ಟಾಪಿನ ಎದುರು ಕೂತರು.

"ಹೆಸರು ಬರುದು ಯಾವಾಗ?"

"ಅದು ತುಂಬ ಉದ್ದ ಉಂಟು ಅಂಕಲ್," ಎಂದ ಕೀರ್ತನ್. "ಹತ್ತು ನಿಮಿಷ ಬೇಕು. ಬ್ಯಾಟರಿ ಸಹ ಕಮ್ಮಿ."

"ಚಾರ್ಜರ್ ಹಾಕುವ. ನಾನು ಅದಕ್ಕೇ ಅಲ್ವಾ ಬಂದದ್ದು."

ಹೆಸರುಗಳು ಮೇಲೇರತೊಡಗಿದವು. ಅಪ್ಪ ಬೆರಳನ್ನು ಪರದೆಯ ಹತ್ತಿರ ಹಿಡಿದು ಒಂದನ್ನೂ ಬಿಡದೆ ತುಟಿಯಲ್ಲೇ ಓದಿದರು. ಚಿತ್ರ ಮಾಡಿದವರು, ಸಂಗೀತ ಮಾಡಿದವರು, ಊಟ ತಂದುಕೊಟ್ಟವರು. ಕೊನೆಗೊಮ್ಮೆ ಬೆರಳು ನಿಂತಿತು.

"ಸ್ವಲ್ಪ ನಿಲ್ಸು. ಲೆವೆಲ್ ಸೆವೆಂಟೀನ್. ಕೀರ್ತನ್. ಸಾನಪಾಡಾ, ಇಂಡಿಯಾ."

ವಿಕಾಸ್ ಹಾರಿ ಎದ್ದು ಕೀರ್ತನನನ್ನು ತಬ್ಬಿಕೊಂಡ. "ಲೇ, ನೀನ ಮಾಡಿದ್ದೇನು? ಇಷ್ಟೊತ್ತು ನಾ ಬೈಯಾಕತ್ತಿದ್ರೂ ಸುಮ್ಮನ ಕುಂತಿದ್ಯಲ್ಲೋ. ಸಾರಿ ಯಾರ್, ಆ ಬೆಂಚಿನ ಮಾತು ಬಿಡು." ಕೀರ್ತನ್ ಅಲ್ಲವೆನ್ನಲಿಲ್ಲ, ಹೌದೆನ್ನಲಿಲ್ಲ. ಮದುಮಗನ ಹಾಗೆ ತಲೆ ತಗ್ಗಿಸಿ ನಕ್ಕ.

ಅಪ್ಪ ಪಟ್ಟಿಯನ್ನು ಮುಂದಕ್ಕೆ ಓಡಿಸಿದರು. ಇನ್ನೂರು ಮುನ್ನೂರು ಹೆಸರಿರಬಹುದು, ಕೊನೆಯದರವರೆಗೂ ಓದಿದರು. ಮತ್ತೆ ಮೊದಲಿನಿಂದ ಹಾಕಿಸಿ ಓದಿದರು. ಅವರು ಹುಡುಕುತ್ತಿದ್ದ ಹೆಸರು ಯಾವುದೆಂದು ಪೂಜಿತಾಳಿಗೆ ಗೊತ್ತಿತ್ತು, ಕೀರ್ತನನಿಗೂ ಗೊತ್ತಿತ್ತು. ಕನ್ನಡಕ ತೆಗೆದು ಜೇಬಿಗಿಟ್ಟ ಮೇಲೆ ಅಪ್ಪ ಮಗಳ ಕಡೆ ತಿರುಗಿ ತುಳುವಿನಲ್ಲಿ ಮಾತಾಡಿದರು. ವಿಕಾಸನಿಗೆ ತುಳು ಬಾರದು, ಹೊರಗಿನವನ ಎದುರು ಮಗಳ ಮರ್ಯಾದೆ ಹೋಗಬಾರದೆಂದು.

"ಬೇರೆಯವರದ್ದನ್ನು ನಿನ್ನದು ಅಂತ ಹೇಳುವುದು ಯಾಕೆ ಮಗಾ? ನಾನು ಕೇಳಿದ್ದೆನಾ? ನಿನಗೆ ಒಂದು ಕೆಲಸ ಉಂಟು, ಸಂಬಳ ಉಂಟು, ನನಗೆ ಅಷ್ಟೇ ಸಾಕಿತ್ತು."

"ಅಪ್ಪ, ಅದು ನಾನು ಮಾಡಿದ್ದು," ಎಂದಳು ಪೂಜಿತಾ, ತುಳುವಿನಲ್ಲೇ. "ಕಾರ್ಡೆಲ್ಲ ಅವನ ಹತ್ತಿರ ಉಂಟು. ಅವನನ್ನೇ ಕೇಳಿ."

ಅಪ್ಪ ಕೀರ್ತನನ ಕಡೆ ತಿರುಗಿದರು. ಅವನಿಗೆ ತುಳು ಚೆನ್ನಾಗಿ ಬರುತ್ತಿತ್ತು, ಅಷ್ಟೂ ಮಾತು ಅರ್ಥವಾಗಿತ್ತು. ಪೂಜಿತಾ ಅವನ ಬಾಯನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು. ಹೆಸರು ಅವನದ್ದೇ ಇರಲಿ, ಕಂಪೆನಿ ಹಾಳಾಗಿ ಹೋಗಲಿ, ಅಪ್ಪನಿಗೆ ಮಾತ್ರ ಹೌದು ಅವಳದ್ದೇ ಎಂದುಬಿಡಲಿ ಎಂದು ಅವಳು ಬೇಡಿಕೊಂಡಳು.

"ಬೈಬೇಡಿ ಅಂಕಲ್," ಎಂದ ಕೀರ್ತನ್, ತುಂಬ ಮೆತ್ತಗೆ. "ಪೂಜಿತಾ ಸಹ ಸ್ವಲ್ಪ ಹೆಲ್ಪ್ ಮಾಡಿದ್ದಾಳೆ."

ಎಷ್ಟು ದೊಡ್ಡ ಮನಸ್ಸು ನೋಡಿ. ಅಪ್ಪ ಅವನ ಬೆನ್ನು ತಟ್ಟಿ, ಗೋಳಿಬಜೆಯ ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದರು. ಮಗಳ ಮುಖ ನೋಡಲಿಲ್ಲ. ಪೂಜಿತಾಳಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು, ಕದ್ದವಳು ತಾನೇ ಎಂಬಂತೆ. ಸುಳ್ಳು ಹೇಳಿದ್ದಕ್ಕೆ ಸಿಕ್ಕಿಬಿದ್ದವರು ಹೇಗೆ ಕೂರುತ್ತಾರೋ ಹಾಗೆಯೇ ಅವಳು ತನ್ನ ಮನೆಯ ಮಂಚದ ತುದಿಯಲ್ಲಿ ಕೂತಿದ್ದಳು. ಇನ್ನು ನಾಳೆಯಿಂದ ಹೋಟೆಲಿನಲ್ಲಿ ಒಬ್ಬೊಬ್ಬರೂ ಮಗಳ ಹೆಸರು ಬಂತಾ ಎಂದು ಕೇಳುತ್ತಾರೆ, ಅಪ್ಪ ಒಬ್ಬೊಬ್ಬರಿಗೂ ಏನಾದರೊಂದು ಹೇಳಬೇಕಾಗುತ್ತದೆ.

ಐದೂವರೆಗೆ ವಿಕಾಸ್ ಕಲ್ಯಾಣದ ಗಾಡಿಗೆಂದು ಇಳಿದು ಹೋದ. ಕೀರ್ತನ್ ಹೊರಗೆ ಮೆಟ್ಟಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದಾಗ ಪೂಜಿತಾ ಬಂದು ನಿಂತಳು. ಅವಳು ಕೇಳುವ ಮೊದಲೇ ಅವನು ಶುರು ಮಾಡಿದ.

"ಫಾರ್ಮಿನಲ್ಲಿ ಒಂದೇ ಹೆಸರಿಗೆ ಜಾಗ ಇದ್ದದ್ದು. ಕಂಪ್ಯೂಟರಿನಲ್ಲಿ ಬಿಡಿಸಿದ್ದು ನಾನಲ್ವಾ, ಎರಡು ತಿಂಗಳು ಕೂತಿದ್ದೇನೆ. ನೀನು ಇಷ್ಟು ಮನಸ್ಸಿಗೆ ತಗೊಳ್ತಿ ಅಂತ ಗೊತ್ತಿರ್ಲಿಲ್ಲ."

ಅವನು ಲೇಸು ಕಟ್ಟಿ ಎದ್ದು ನಿಂತ. ದನಿ ತಗ್ಗಿಸಿ ಹೇಳಿದ.

"ಕಂಪೆನಿಯಿಂದ ಮೇಲ್ ಬಂದಿದೆ. ಮೂರನೇ ಭಾಗಕ್ಕೆ ಇನ್ನೆರಡು ಲೆವೆಲ್ ಬೇಕಂತೆ. ಚೆನ್ನಾಗಿದ್ದರೆ ಕೆಲಸಕ್ಕೇ ತಗೊಳ್ತಾರೆ. ನಿನ್ನ ಹತ್ತಿರ ಬೇರೆ ಏನಾದ್ರೂ ಉಂಟಾ?"

ಪೂಜಿತಾ ಅವನನ್ನು ನೋಡಿದಳು. ಅವನ ಮುಖದಲ್ಲಿ ನಾಚಿಕೆಯ ಗುರುತೂ ಇರಲಿಲ್ಲ. ನಿಜಕ್ಕೂ ಅವಳ ಉತ್ತರಕ್ಕೆ ಕಾದಿದ್ದ.

"ಉಂಟು," ಎಂದಳು. "ಬೇಕಾದಷ್ಟು ಉಂಟು. ಒಳಗೆ ಹೋಗಿ ಹದಿನೇಳು ಯಾರದ್ದು ಅಂತ ಅಪ್ಪನಿಗೆ ಹೇಳಿ ಬಾ. ಎಲ್ಲ ಕೊಡ್ತೇನೆ. ಹೆಸರು ನಿನ್ನದೇ ಹಾಕಿಕೊ, ನಾನು ಕೇಳುವುದಿಲ್ಲ."

ಬಾಗಿಲು ತೆರೆದೇ ಇತ್ತು. ಒಳಗೆ ಅಪ್ಪ ಅಂಗಿಯ ತೋಳು ಮಡಚಿ ಚಾದ ಲೋಟಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದರು. ನಾಲ್ಕೈದು ಹೆಜ್ಜೆಯ ದಾರಿ. ಕೀರ್ತನ್ ಆ ಕಡೆ ನೋಡಿದ, ಮತ್ತೆ ಅವಳನ್ನು ನೋಡಿದ. ಆಮೇಲೆ ಬೈಕಿನ ಕೀಲಿ ಜೇಬಿನಿಂದ ತೆಗೆದು ಮೆಟ್ಟಿಲಿಳಿದ.