ಕಣ್ಣು ಮುಚ್ಚಿ, ಒಂಟಿ ಕಾಲಲ್ಲಿ

ಚಿಕ್ಕಬೋರಮ್ಮ ತಾಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಕಾಲು ಸೋಕಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬ ನಂಬಿಕೆ ಮದ್ದೂರು ಸೀಮೆಗೆ ಹೊಸದಲ್ಲ. ಗುರುವಾರ ಬೆಳಕು ಹರಿಯುವ ಹೊತ್ತಿಗೆ ಜನ ಬಂದು ಜಗಲಿಯ ಕೆಳಗೆ ಬೋರಲು ಮಲಗುತ್ತಿದ್ದರು. ಅವಳು ಕಣ್ಣು ಮುಚ್ಚಿ, ಏನನ್ನೂ ಹಿಡಿಯದೆ ಎಡಗಾಲ ಮೇಲೆ ನಿಂತು, ಬಲಗಾಲ ಹಿಮ್ಮಡಿಯನ್ನು ಅವರ ಬೆನ್ನುದ್ದಕ್ಕೂ ಮೂರು ಸಲ ಎಳೆಯಬೇಕು. ಕಣ್ಣು ಬಿಟ್ಟರೆ, ಕೈ ಊರಿದರೆ ಗುಣ ಹೋಯಿತು ಅಂತಲೇ. ಬಂದವರು ಮೊರದಲ್ಲಿ ರಾಗಿ, ತೆಂಗಿನಕಾಯಿ ಕೊಟ್ಟು ಹೋಗುತ್ತಿದ್ದರು. ಗಂಡ ಸತ್ತು ತಮ್ಮ ಮಾದಯ್ಯನ ಮನೆ ಸೇರಿದವಳಿಗೆ ಅಲ್ಲೊಂದು ಮೂಲೆ, ಎರಡು ಹೊತ್ತು ಮುದ್ದೆ ಸಿಕ್ಕಿದ್ದು ಆ ಮೊರದ ದೆಸೆಯಿಂದಲೇ. ತಮ್ಮನ ಹೆಂಡತಿ ಮಲ್ಲಿಗಮ್ಮ ಅದನ್ನು ಬಾಯಿಬಿಟ್ಟು ಹೇಳದ ದಿನವಿರಲಿಲ್ಲ.

ಎಪ್ಪತ್ತೈದನೇ ಇಸವಿಯ ಹೊತ್ತಿಗೆ ಆ ಎಡಗಾಲೇ ಕೈಕೊಟ್ಟಿತು. ಕಬ್ಬಿನ ಗಾಡಿಯಿಂದ ಇಳಿಯುವಾಗ ಒಮ್ಮೆ ಪಾದದ ಕೀಲು, ಆ ಹರಡು, ಹೊರಳಿತು. ಊತ ಇಳಿಯಿತು, ಮರೆತಳು. ಆಮೇಲೆ ಗದ್ದೆ ಬದುವಿನ ಮೇಲೆ ಹೊರಳಿತು, ಬಾವಿಕಟ್ಟೆಯಲ್ಲಿ ಹೊರಳಿತು. ಕೊನೆಗೆ ಸಾರಿಸಿದ ಅಂಗಳದಲ್ಲಿ, ಒಂದು ಕಲ್ಲೂ ಇಲ್ಲದ ಕಡೆ. ಯಾರಿಗೂ ಹೇಳದೆ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ ತೋರಿಸಿದಳು. ಕಣ್ಣು ಮುಚ್ಚಿ ಎಡಗಾಲಲ್ಲಿ ನಿಲ್ಲಿ ಎಂದರು ಡಾಕ್ಟರು. ಮೂರು ಎಣಿಸುವಷ್ಟರಲ್ಲಿ ಅವರ ಮೇಜಿನ ಮೇಲೆ ಬಿದ್ದಳು.

"ಕೀಲಿನ ಕಟ್ಟು ಸಡಿಲ ಆಗಿದೆ ಅಮ್ಮ. ಕಾಲು ವಾಲಿದಾಗ ಎಳೆದು ಹಿಡೀಬೇಕಾದ ಮಾಂಸಖಂಡ ತಡವಾಗಿ ಎಚ್ಚರ ಆಗ್ತಿದೆ. ಮೊದಲು ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತು ಅಭ್ಯಾಸ ಮಾಡಿ. ಎರಡು ಮೂರು ತಿಂಗಳು ಬೇಕು."

"ಗುರುವಾರದೊಳ್ಗೆ ಆಗಕಿಲ್ವಾ ಸ್ವಾಮಿ?"

ಡಾಕ್ಟರು ನಕ್ಕರು.

ಕೊಟ್ಟಿಗೆಯ ಹಿಂದೆ ಗೋಡೆ ಹಿಡಿದು ನಿಂತಳು. ಸಗಣಿ ಬುಟ್ಟಿ ಹೊತ್ತು ಬಂದ ಮಲ್ಲಿಗಮ್ಮನ ಕಣ್ಣಿಗೆ ಬಿದ್ದಳು.

"ಏನತ್ಗೆ, ಕೊಕ್ಕರೆ ಬೆಳ್ಳೂರ್ಗೆ ಗೂಡ್ ಕಟ್ಟೋಕೆ ಓಯ್ತಿದ್ದೀಯಾ?"

"ಕಾಲು ಜೋಮು ಇಡ್ದದೆ ಕಣವ್ವ."

ಬುಧವಾರ ಸಂಜೆ ಮಾದಯ್ಯನೇ ಕಬ್ಬಿನ ಹೊರೆ ಎತ್ತಲು ಹೋಗಿ ಬೆನ್ನು ಹಿಡಿಸಿಕೊಂಡ. ಬೆಳಿಗ್ಗೆ ಅವನನ್ನೇ ಮೊದಲು ಮಲಗಿಸಿದರು. ಪಕ್ಕದ ಬೀದಿಯ ನಿಂಗಯ್ಯ, ಶಿವನಂಜಮ್ಮ ಮೊರ ಹಿಡಿದು ಅಂಗಳದಲ್ಲಿ ಕಾದಿದ್ದರು.

"ಜಲ್ದಿ ಎಳಿಯಕ್ಕ, ಗಾಡಿ ಕಟ್ಬೇಕು," ಎಂದ ಮಾದಯ್ಯ, ನೆಲಕ್ಕೆ ಮುಖ ಕೊಟ್ಟು.

ಆಗದು ಎಂದರೆ ಕಾಲಿನ ಸುದ್ದಿ ಊರಿಗೆಲ್ಲ ಗೊತ್ತಾಗುತ್ತದೆ. ಬಿದ್ದರೆ ತಮ್ಮನ ಬೆನ್ನೇ ಹೋಗುತ್ತದೆ. 'ಮಾರವ್ವ ತಾಯಿ, ಮೂರೇ ಮೂರು ಗೆರೆ' ಎಂದುಕೊಂಡು ಚಿಕ್ಕಬೋರಮ್ಮ ಕಣ್ಣು ಮುಚ್ಚಿದಳು. ಒಂದು ಎಳೆದಳು. ಹರಡು ನಡುಗಿತು. ಎರಡನೆಯದಕ್ಕೆ ಪಾದದ ಒಳಮೈ ನೆಲ ಬಿಟ್ಟೆದ್ದಿತು. ಮೂರನೆಯದಕ್ಕೆ ಹೊರಳಿಯೇ ಹೋಯಿತು. ಕಣ್ಣು ಬಿಟ್ಟು ಎರಡೂ ಕೈಯಲ್ಲಿ ಜಗಲಿಯ ಕಂಬ ತಬ್ಬಿಕೊಂಡಳು. ಹಿಮ್ಮಡಿ ಹೇಗೋ ಗೆರೆ ಮುಗಿಸಿತು.

"ನೋವು ಓಯ್ತು ಕಣಕ್ಕ!" ಮಾದಯ್ಯ ಎದ್ದು ಕೂತು ಸೊಂಟ ತಿರುಗಿಸಿ ನೋಡಿದ. "ಬುಡ್ತು ಕಣ್ಲಾ ನಿಂಗ!"

ನಿಂಗಯ್ಯ ಮೊರ ಎತ್ತಿಕೊಂಡ. "ಕಂಬ ಇಡ್ಕೊಂಡ್ಳಲ್ಲೋ ಮಾದ. ಕಣ್ಣೂ ಬುಟ್ಳು."

"ನಂಗೆ ವಾಸಿ ಆಗದೆ ಅಂತೀನಿ ಕಣ್ಲಾ!"

"ನೀನು ಒಡಹುಟ್ಟಿದೋನು. ನಿಂಗೆ ಆಯ್ತದೆ ಬುಡು."

ಶಿವನಂಜಮ್ಮನೂ ಮೊರಕ್ಕೆ ಸೆರಗು ಮುಚ್ಚಿಕೊಂಡು ಅವನ ಹಿಂದೆ ನಡೆದಳು. ಮಲ್ಲಿಗಮ್ಮ ಖಾಲಿ ಅಂಗಳ ನೋಡಿದಳು, ಅತ್ತಿಗೆಯ ಕಾಲು ನೋಡಿದಳು, ಒಳಗೆ ಹೋದಳು. ಅವತ್ತು ಮಧ್ಯಾಹ್ನ ಚಿಕ್ಕಬೋರಮ್ಮನ ತಣಿಗೆಗೆ ಬಿದ್ದದ್ದು ಅರ್ಧ ಮುದ್ದೆ.

ಮುಂದಿನ ಗುರುವಾರ ಯಾರೂ ಬರಲಿಲ್ಲ. ಅದರ ಮುಂದಿನ ಗುರುವಾರವೂ. ಚಿಕ್ಕಬೋರಮ್ಮ ಅಂಗಳಕ್ಕೆ ಬಂದು, ಯಾರೂ ಮಲಗಿರದ ಆ ಜಾಗದ ಪಕ್ಕ ಕಣ್ಣು ಮುಚ್ಚಿ ಎಡಗಾಲಲ್ಲಿ ನಿಂತಳು. ಏಳು ಎಣಿಸುವವರೆಗೂ ನಿಂತಳು. ಹೊರಳಿತು. ಕಾಲು ತಿಕ್ಕಿಕೊಂಡು ಮತ್ತೆ ನಿಂತಳು.

"ಯಾರ್ಗೆ ಎಳೀತಿದ್ದೀಯಾ ಅತ್ಗೆ, ನೆಲಕ್ಕಾ?" ಒಳಗಿಂದ ಮಲ್ಲಿಗಮ್ಮ ಕೂಗಿದಳು.

"ಎಂಟು," ಎಂದಳು ಚಿಕ್ಕಬೋರಮ್ಮ.