ಸಾಲು ತಪ್ಪಿಸಿದ ಪರೀಕ್ಷೆ

"ಈ ಸೂಜಿಗೆ ಸ್ವಲ್ಪ ದಾರ ಪೋಣಿಸಿಕೊಡು ಅಕ್ಕಾ" ಎಂದು ತಂಗಿ ಕೈ ಚಾಚಿದಾಗ, ಮತ್ತೆ ಅದೇ ನಾಟಕ ಎಂದು ಅಕ್ಕನಿಗೆ ರೇಗಿಹೋಯಿತು. ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ತಂಗಿಗೆ ಎಂಟು ತಿಂಗಳಿಂದ ಬೆರಳು ನಡುಕ, ಮಂಡಿ ಊತ, ಏಳುವ ಮೊದಲೇ ಸುಸ್ತು. ನಾಲ್ಕು ಡಾಕ್ಟರರಾಯಿತು. ಎಲ್ಲರೂ ಹಳೆಯ ರಿಪೋರ್ಟ್ ನೋಡಿ, ಉಣುಗು ಹುಳ ಕಚ್ಚಿ ಬರುವ ಲೈಮ್ ಕಾಯಿಲೆ ಅಲ್ಲ, ಮನಸ್ಸಿಗೆ ವಿಶ್ರಾಂತಿ ಕೊಡಿ ಎನ್ನುವವರೇ. ಆ ರಿಪೋರ್ಟ್ ಬರೆದವಳು ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷ ಸವೆಸಿದ ಅಕ್ಕನೇ.

"ನಾನೇ ಮಾಡಿದ ಟೆಸ್ಟ್ ಕಣೇ. ನನ್ನ ಮೇಲೂ ನಂಬಿಕೆ ಇಲ್ವಾ?"

"ನಂಗೆ ನಿನ್ನ ಮೇಲಿದೆ. ನಿಂಗೇ ನನ್ನ ಮೇಲಿಲ್ಲ."

ದಾರ ಹುಡುಕಲು ಅಕ್ಕ ಡ್ರಾಯರ್ ಎಳೆದಳು. ಅಳತೆ ಟೇಪಿನ ಅಡಿಯಲ್ಲಿ, ನಕ್ಷೆ ತೆಗೆಯುವ ತೆಳು ಬಟರ್ ಪೇಪರ್ ಒಂದು. ಅದರ ಮೇಲೆ ಒಂದರೊಳಗೊಂದು ಮೂರು ವೃತ್ತ, ಪ್ರತಿಯೊಂದಕ್ಕೂ ತಾರೀಖು. ತೊಡೆಯ ಮೇಲಿನ ಕೆಂಪು ಗುರುತು ದಿನದಿನಕ್ಕೆ ಹರಡುವುದನ್ನು ತಂಗಿ ಹೀಗೆ ಅಚ್ಚು ತೆಗೆದಿಟ್ಟಿದ್ದಳು. ದರ್ಜಿಯ ಕೈ, ಅಳತೆಯಿಲ್ಲದೆ ಏನನ್ನೂ ನಂಬದು. "ಇದಕ್ಕೂ ಅಂಗಿ ಹೊಲೀತೀಯಾ?" ಎಂದು ಆಗ ಅಕ್ಕ ನಕ್ಕಿದ್ದಳು. ಮೂಲೆಯಲ್ಲಿ ಸಣ್ಣಗೆ ಬರೆದಿತ್ತು: ಉಣುಗು ಕಚ್ಚಿದ್ದು ಒಂಬತ್ತನೇ ತಾರೀಖು.

ರಕ್ತ ತೆಗೆದದ್ದು ಅದೇ ತಿಂಗಳ ಹದಿನೇಳಕ್ಕೆ. ರಿಪೋರ್ಟ್ ನೋಡಿ ನೋಡಿ ಅಕ್ಕನಿಗೆ ಅದು ಬಾಯಿಪಾಠ. ಎಂಟೇ ದಿನ! ಅಷ್ಟು ಬೇಗ ರಕ್ತದಲ್ಲಿ ಏನೂ ಕಾಣಿಸದಿರಬಹುದು, ತಿಂಗಳ ಮೇಲೆ ಮತ್ತೆ ನೋಡಬೇಕು ಎಂಬ ಸೂಚನೆಯನ್ನು ಲ್ಯಾಬಿನ ಗೋಡೆಗೆ ಅಂಟಿಸಿದವಳೇ ಅವಳು. ಬೇರೆ ಯಾರೇ ಬಂದಿದ್ದರೂ ಕಚ್ಚಿದ ದಿನ ಕೇಳಿ ಚೀಟಿ ತುಂಬಿಸುತ್ತಿದ್ದಳು. ಒಡಹುಟ್ಟಿದವಳೆಂದು ಸಾಲು ತಪ್ಪಿಸಿ, ಹಿಂಬಾಗಿಲಿನಿಂದ ಕರೆದು, ಚೀಟಿಯಿಲ್ಲದೆ ಸೂಜಿ ಚುಚ್ಚಿದ್ದಳು. ಪ್ರೀತಿಯಲ್ಲಿ ಮಾಡಿದ ಎಡವಟ್ಟು. ಅಕ್ಕ ಆ ಕಾಗದವನ್ನು ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಮರುದಿನ ರಜೆ ಹಾಕಿ, ಡಾಕ್ಟರಿಗೆ ಆ ಕಾಗದ ತೋರಿಸಿ ಚೀಟಿ ಬರೆಸಿಕೊಂಡು, ಲ್ಯಾಬಿನ ಹೊರಗಿನ ಬೆಂಚಿನಲ್ಲಿ ತಂಗಿಯ ಪಕ್ಕ ಕೂತಳು. ಒಳಗಿನಿಂದ ನರ್ಸ್ ಇಣುಕಿದಳು. "ಇದೇನು ಮೇಡಂ, ಒಳಗೆ ಬನ್ನಿ!"

"ಬೇಡಮ್ಮ, ನಮ್ಮ ನಂಬರ್ ಬರ್ಲಿ."

"ಗುಣ ಆಗತ್ತಾ ಅಕ್ಕಾ?" ತಂಗಿ ಕೇಳಿದಳು.

"ಔಷಧಿ ಇದೆ. ತಡ ಆಗಿದೆ, ಪೂರ್ತಿ ಹೋಗತ್ತೋ ಇಲ್ವೋ ಗೊತ್ತಿಲ್ಲ. ತಡ ಮಾಡಿದ್ದು ನಾನೇ ಕಣೇ."

ತಂಗಿ ಅಕ್ಕನ ಕಡೆ ತಿರುಗಿದಳು. "ಹಾಗಾದ್ರೆ ನಾನು ನಾಟಕ ಆಡ್ತಿರ್ಲಿಲ್ಲ ಅಲ್ವಾ?"

"ಇಲ್ಲ."

ತಂಗಿ ಅಕ್ಕನ ಮಡಿಲಲ್ಲಿದ್ದ ಬಟರ್ ಪೇಪರಿನ ಮಡಿಕೆಗಳನ್ನು ನಿಧಾನವಾಗಿ ಸವರಿದಳು. ಅವರ ಮುಂದೆ ಇನ್ನೂ ಹನ್ನೊಂದು ಜನರಿದ್ದರು.